ಸಮುದ್ರಕ್ಕೆ ಯಾವ ನೀಲಿ?

‘ಸರ್, ಸಮುದ್ರಕ್ಕೆ ಯಾವ ಬ್ಲೂ ಹಾಕ್ತೀರಿ?’ ಕಾರವಾರದ ಟಾಗೋರ್ ಕಡಲತೀರದಲ್ಲಿ ಕ್ಯಾನ್ವಾಸ್ ಇಡುವ ಈಸೆಲ್ ನಿಲ್ಲಿಸಿದಾಗಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ತೈಲವರ್ಣ ಕಲಿಯುತ್ತಿರುವ ಹುಡುಗರಂತೂ ಟ್ಯೂಬಿನ ಹೆಸರು ಬರೆದುಕೊಳ್ಳಲು ಮೊಬೈಲ್ ಹೊರಗೆ ತೆಗೆದಿರುತ್ತಾರೆ. ನಾನು ಹೇಳುವುದಿಷ್ಟು: ನೀಲಿಯ ಮಾತು ಆಮೇಲೆ, ಮೊದಲು ಆಕಾಶ ನೋಡಿ, ಮರಳು ನೋಡಿ.

ದೂರದ ನೀರು ನಮ್ಮ ಕಣ್ಣಿಗೆ ತೀರಾ ಓರೆಯಾಗಿ ಬೀಳುತ್ತದೆ. ಹಾಗಾಗಿ ಅಲ್ಲಿ ಆಕಾಶದ ಪ್ರತಿಫಲನವೇ ಹೆಚ್ಚು. ಕಾಲಬುಡದ ನೀರನ್ನು ಮೇಲಿನಿಂದ ಬಗ್ಗಿ ನೋಡುತ್ತೇವೆ, ಅಲ್ಲಿ ಕಾಣುವುದು ತಳದ ಮರಳು, ಕದಡಿದ ಮಣ್ಣು. ಮಾಜಾಳಿಯಾಚೆಯ ತಿಳಮಾತಿ ಕಡಲತೀರಕ್ಕೆ ಹೋಗಿ ನಿಂತರೆ ಇದು ಥಟ್ಟನೆ ಗೊತ್ತಾಗುತ್ತದೆ. ಅದೇ ಆಕಾಶ, ಅದೇ ಅರಬ್ಬಿ ಸಮುದ್ರ, ಆದರೆ ಮರಳು ಕಪ್ಪು. ದಡದ ನೀರಿನ ಬಣ್ಣವೇ ಬೇರೆಯಾಗಿರುತ್ತದೆ. ಮಳೆಗಾಲದಲ್ಲಿ ಕಾಳಿ ನದಿ ಮಣ್ಣು ಹೊತ್ತು ತರುವಾಗ ಅಳಿವೆಯಲ್ಲಿ ನೀಲಿಗೆ ಕೆಲಸವೇ ಇಲ್ಲ, ಮಣ್ಣಿನ ಹಳದಿಗಂದಾದ ರಾ ಸಿಯೆನ್ನಾ ಬೇಕು, ಬೂದು ಬೇಕು.

ಇನ್ನು ಅಲೆ. ನಮ್ಮದು ಪಡುವಣ ಕರಾವಳಿ, ಸಂಜೆಯ ಸೂರ್ಯ ಅಲೆಯ ಹಿಂದಿರುತ್ತಾನೆ. ಅಲೆ ಎದ್ದು ಇನ್ನೇನು ಮಗುಚಬೇಕು ಎನ್ನುವಾಗ ಅದರ ನೆತ್ತಿ ತೆಳುವಾಗಿ, ಬೆಳಕು ಅದರೊಳಗಿಂದ ಹಾದು ಬರುತ್ತದೆ. ಆ ಒಂದು ಪಟ್ಟಿ ಹಳದಿ ಮಿಶ್ರಿತ ಹಸಿರು. ಅದರ ಕೆಳಗೆ ನೀರು ದಪ್ಪವಾದಂತೆ ಬಣ್ಣ ಗಾಢವಾಗುತ್ತದೆ, ಬುಡದಲ್ಲಿ ಮರಳು ಕಲಸಿ ಕಂದಾಗುತ್ತದೆ. ಬೆಳಿಗ್ಗೆ ಸೂರ್ಯ ಸಹ್ಯಾದ್ರಿಯ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ ಬರುವಾಗ ಆ ಹಸಿರು ಪಟ್ಟಿ ಅಷ್ಟು ಹೊಳೆಯುವುದಿಲ್ಲ, ನೊರೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಬೆಳಗಿನ ನೊರೆಯನ್ನೂ ಸಂಜೆಯ ಅಲೆಯನ್ನೂ ಒಂದೇ ಕ್ಯಾನ್ವಾಸಿನಲ್ಲಿ ಸೇರಿಸಿದರೆ ನೋಡುವವರಿಗೆ ಕಾರಣ ಹೊಳೆಯದಿದ್ದರೂ ಚಿತ್ರ ಸುಳ್ಳು ಅನಿಸುತ್ತದೆ.

ನೊರೆಗೆ ಟೈಟಾನಿಯಂ ವೈಟನ್ನು ಟ್ಯೂಬಿನಿಂದ ಹಾಗೆಯೇ ತೆಗೆದು ಬಳಿಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಂಜೆ ಹೊತ್ತು ಕಣ್ಣನ್ನು ಅರ್ಧ ಮುಚ್ಚಿ, ನೊರೆಯನ್ನು ಅದರ ಹಿಂದಿನ ಆಕಾಶದೊಂದಿಗೆ ಹೋಲಿಸಿ ನೋಡಿ. ನಮ್ಮ ಕಡೆಗಿರುವ ನೊರೆ ನೆರಳಿನಲ್ಲಿದೆ, ಆಕಾಶಕ್ಕಿಂತ ಮಂಕು, ನೇರಳೆ ಛಾಯೆಯ ಬೂದು. ಅಪ್ಪಟ ಬಿಳಿಯನ್ನು ಅಂಚಿನ ಒಂದೆರಡು ಚುಕ್ಕೆಗೆಂದು ಉಳಿಸಿಕೊಳ್ಳಬೇಕು.

ಅಲೆ ಹಿಂದೆ ಸರಿದ ಮೇಲಿನ ಒದ್ದೆ ಮರಳೂ ಆಕಾಶದ್ದೇ ಕನ್ನಡಿ, ಆದರೆ ಒಂದು ಮಟ್ಟ ಗಾಢ. ಆಕಾಶಕ್ಕೆ ಕಲಸಿದ ಬಣ್ಣಕ್ಕೆ ಚೂರು ಬರ್ನ್ಟ್ ಅಂಬರ್ (ಗಾಢ ಕಂದು) ಸೇರಿಸಿ ಮೇಲಿನಿಂದ ಕೆಳಕ್ಕೆ ಎಳೆದು, ಒಣ ಕುಂಚದಿಂದ ಅಡ್ಡಡ್ಡ ಹಗುರಾಗಿ ಸವರಿದರೆ ಸಾಕು.

ದೂರದ ಕೂರ್ಮಗಡ ನಡುಗಡ್ಡೆಗೆ ಹಲವರು ಎಲೆಹಸಿರು ಹಚ್ಚುತ್ತಾರೆ, ಅಲ್ಲಿ ಮರಗಳಿವೆ ಎಂದು ಗೊತ್ತಿರುವುದರಿಂದ. ಕಾಣುವುದನ್ನು ಹಚ್ಚಿ. ಏಪ್ರಿಲ್‌ನ ಮಬ್ಬಿನಲ್ಲಿ ಅದು ಆಕಾಶಕ್ಕಿಂತ ತುಸುವೇ ಗಾಢವಾದ ಬೂದು ನೀಲಿ. ಮಳೆ ತೊಳೆದುಹೋದ ಗಾಳಿಯಲ್ಲಿ ಅದೇ ನಡುಗಡ್ಡೆ ಹತ್ತಿರ ಬಂದಂತೆ ಕಾಣುತ್ತದೆ.

ಪದರಗಳ ವಿಷಯ ಚಿಕ್ಕದು, ಆದರೆ ತಪ್ಪಿಸುವಂತಿಲ್ಲ. ಮೊದಲ ಪದರ ಟರ್ಪೆಂಟೈನ್ ಹಾಕಿ ತೆಳುವಾಗಿರಲಿ, ಮೇಲಿನವುಗಳಲ್ಲಿ ಲಿನ್ಸೀಡ್ (ಅಗಸೆ) ಎಣ್ಣೆ ಹೆಚ್ಚುತ್ತ ಹೋಗಲಿ. ಅದಲುಬದಲಾದರೆ ಮೇಲಿನ ಪದರ ಮುಂದೆ ಬಿರುಕು ಬಿಡುತ್ತದೆ. ಎಣ್ಣೆ ಆರುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ನಮ್ಮ ಆಷಾಢದ ತೇವದಲ್ಲಿ ಅದು ಇನ್ನೂ ನಿಧಾನ. ಕ್ಯಾನ್ವಾಸನ್ನು ಗೋಡೆಗೆ ಒತ್ತಿ ಇಡಬೇಡಿ, ಹಿಂದೆ ಬೂಷ್ಟು ಹಿಡಿಯುತ್ತದೆ.

ಇಷ್ಟಾದ ಮೇಲೆ ಟ್ಯೂಬಿನ ಹೆಸರು ಹೇಳಲು ನನಗೇನೂ ಅಡ್ಡಿಯಿಲ್ಲ. ಅಲ್ಟ್ರಾಮರೀನ್, ಸೆರೂಲಿಯನ್, ಎರಡೇ ನೀಲಿ. ಅಲೆಯ ನೆತ್ತಿಗೆ ವಿರಿಡಿಯನ್ ಎಂಬ ಹಸಿರು ಮತ್ತು ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ. ಕಪ್ಪು ಟ್ಯೂಬ್ ಕೊಳ್ಳಬೇಡಿ, ಅಲ್ಟ್ರಾಮರೀನಿಗೆ ಕೆಂಗಂದಾದ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಬಂಡೆಗೂ ದೋಣಿಯ ನೆರಳಿಗೂ ಬೇಕಾದ ಗಾಢ ಬಣ್ಣ ಸಿಗುತ್ತದೆ, ಅದಕ್ಕೆ ಬಿಳಿ ಸೇರಿಸಿದರೆ ನೊರೆಯ ಬೂದೂ ಅಲ್ಲೇ ಇದೆ.