ಬಿಸಿಯಾದ ಮೇಲೆ ಒಡೆಯುವ ಸೌಂಡ್

ಟ್ಯೂಬ್ ಬಾಸ್ ಆಂಪ್‌ನ (ಗಾಜಿನ ಟ್ಯೂಬುಗಳಿಂದ ಬಾಸ್ ಗಿಟಾರಿನ ಸೌಂಡ್ ದೊಡ್ಡದು ಮಾಡುವ ಪೆಟ್ಟಿಗೆ) ಸೌಂಡ್ ಒಡೀತಾ ಉಂಟು ಅಂತ ಫೋನ್ ಬಂದರೆ, ರಿಪೇರಿ ಮಾಡುವ ನಾನು ಮೊದಲು ಕೇಳುವುದು ಒಂದೇ: ಆನ್ ಮಾಡಿದ ಕೂಡಲೇ ಒಡೆಯುತ್ತದಾ, ಬಿಸಿಯಾದ ಮೇಲಾ? ಟ್ಯೂಬ್ ಎಷ್ಟು ಹಳೆಯದು, ಯಾವ ಕಂಪನಿಯದ್ದು ಎಂಬುದೆಲ್ಲ ಆಮೇಲೆ. ಮಂಗಳೂರು, ಉಡುಪಿಯಂಥ ಕಡಲ ಬದಿಯ ಊರುಗಳಲ್ಲಿ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ.

ಈಚೆಗೆ ನನ್ನ ಮೇಜಿಗೆ ಬಂದ ಆಂಪ್ ಉಡುಪಿ ಕಡೆಯ ಒಂದು ಬ್ಯಾಂಡಿನದ್ದು. ಮದುವೆ, ರೋಸ್ (ಕರಾವಳಿಯ ಕ್ರೈಸ್ತರ ಮದುವೆ ಮುಂಚಿನ ಶಾಸ್ತ್ರ), ಚರ್ಚಿನ ಹಬ್ಬ ಅಂತ ಸೀಸನ್ನಿನಲ್ಲಿ ಬಿಡುವಿಲ್ಲದೆ ದುಡಿಯುವ 100 ವ್ಯಾಟ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ), ಒಳಗೆ ಸ್ಪೀಕರಿಗೆ ಶಕ್ತಿ ಕೊಡುವ ನಾಲ್ಕು 6ಎಲ್6 ಪವರ್ ಟ್ಯೂಬ್. ಬಾಸ್ ನುಡಿಸುವವರು ಹೇಳಿದ್ದು ಇಷ್ಟು: "ಹೊಸ ಟ್ಯೂಬ್ ಸೆಟ್ ಹಾಕಿಸಿ ಆಯ್ತು ಮಾರಾಯ್ರೆ. ಒಂದೆರಡು ಪ್ರೋಗ್ರಾಂ ಸರಿ ಇತ್ತು. ಈಗ ಪುನಃ ಅದೇ ಕತೆ. ಅರ್ಧ ಗಂಟೆ ನುಡಿಸಿದ ಮೇಲೆ ದಪ್ಪ ತಂತಿ ಮುಟ್ಟಿದರೆ ಗರಗರ. ಸಪೂರ ತಂತಿಗೆ ಎಂತದೂ ಇಲ್ಲ."

ಇಷ್ಟು ಸ್ಪಷ್ಟವಾಗಿ ಹೇಳುವವರು ಸಿಗುವುದು ಅಪರೂಪ. ಬಿಸಿಯಾದ ಮೇಲೆ, ದಪ್ಪ ತಂತಿಯಲ್ಲಿ ಮಾತ್ರ, ಹೊಸ ಟ್ಯೂಬಿನಿಂದ ಕೆಲವು ದಿನ ಸುಧಾರಣೆ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ. ಹಾಗಂತ ನೇರ ಅಲ್ಲಿಗೇ ಹಾರುವವನಲ್ಲ ನಾನು.

ಬಿಚ್ಚುವ ಮೊದಲು ಹೊರಗಿನದ್ದನ್ನು ನೋಡಿಬಿಡಬೇಕು. ಆಕ್ಟಿವ್ ಬಾಸ್ ಆದರೆ ಅದರೊಳಗಿನ 9 ವೋಲ್ಟ್ ಬ್ಯಾಟರಿ. ಕೇಬಲ್ ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಇಳಿದ ಬ್ಯಾಟರಿ ಕೊಡುವ ಒಡಕು ಸೌಂಡನ್ನು ಆಂಪ್‌ನದ್ದೇ ಎಂದು ನಂಬಿ ಟ್ಯೂಬಿಗೆ ಹಣ ಸುರಿದವರಿದ್ದಾರೆ. ಆಮೇಲೆ ಬೇರೆ ಸ್ಪೀಕರ್ ಕ್ಯಾಬಿನೆಟ್. ಸ್ಪೀಕರಿನೊಳಗಿನ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಉಜ್ಜುತ್ತಿದ್ದರೂ ಮೊದಲು ದಪ್ಪ ತಂತಿಯಲ್ಲೇ ಗೊತ್ತಾಗುವುದು. ಮೂರನೆಯದು ಹಿಂದಿನ ಎಫೆಕ್ಟ್ಸ್ ಲೂಪ್, ಅಂದರೆ ಪೆಡಲ್‌ಗಳನ್ನು ನಡುವೆ ಸೇರಿಸಲು ಇರುವ ಸೆಂಡ್, ರಿಟರ್ನ್ ಎಂಬ ಎರಡು ಜಾಕ್. ಅಲ್ಲಿ ಏನೂ ಚುಚ್ಚದಿದ್ದಾಗ ಸಿಗ್ನಲ್ ದಾಟುವುದು ಜಾಕ್‌ನೊಳಗಿನ ಒಂದು ಸಣ್ಣ ಸ್ವಿಚ್ ಕಾಂಟ್ಯಾಕ್ಟ್ ಮೂಲಕ. ನಮ್ಮ ಉಪ್ಪುಗಾಳಿಗೆ ಅದು ಕಪ್ಪಾಗುತ್ತದೆ. ಸೆಂಡ್‌ನಿಂದ ರಿಟರ್ನ್‌ಗೆ ಒಂದು ಗಿಡ್ಡ ಕೇಬಲ್ ಹಾಕಿದಾಗ ಒಡಕು ಹೋದರೆ ಜಾಕ್ ಕ್ಲೀನ್ ಮಾಡಿದರೆ ಸಾಕು, ಟ್ಯೂಬಿನ ಸುದ್ದಿಯೇ ಬೇಡ.

ಈ ಆಂಪ್‌ನಲ್ಲಿ ಮೂರೂ ಸರಿ ಇದ್ದವು. ಸೆಂಡ್‌ನಿಂದ ಸಿಗ್ನಲ್ ತೆಗೆದು ಇನ್ನೊಂದು ಆಂಪ್‌ಗೆ ಕೊಟ್ಟೆ. ನೀರಿನ ಹಾಗೆ ತಿಳಿಯಾದ ಸೌಂಡ್. ಅಲ್ಲಿಗೆ ಪ್ರೀಆಂಪ್ (ಸಿಗ್ನಲನ್ನು ಮೊದಲು ಹಿಗ್ಗಿಸುವ ಭಾಗ) ನಿರ್ದೋಷಿ, ಅದರ ಸಣ್ಣ 12ಎಎಕ್ಸ್7 ಟ್ಯೂಬುಗಳನ್ನು ಒಂದೊಂದಾಗಿ ಬದಲಿಸಿ ನೋಡುವ ಕೆಲಸವೂ ತಪ್ಪಿತು. ದೋಷ ಇರುವುದು ಪವರ್ ಸೆಕ್ಷನ್ನಿನಲ್ಲಿ.

ಇಲ್ಲಿಂದ ಮುಂದೆ ಕಲಿಯುವ ಹುಡುಗರಿಗೆ ಒಂದು ಮಾತು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ 450 ವೋಲ್ಟ್ ಡಿಸಿ ಕೂತಿರಬಹುದು, ಅದು ಜೀವ ತೆಗೆಯುತ್ತದೆ. ರೆಸಿಸ್ಟರ್ ಹಾಕಿ ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಒಳಗೆ. ಆನ್ ಇರುವಾಗ ಅಳೆಯಬೇಕಾದರೆ ಒಂದೇ ಕೈ, ಇನ್ನೊಂದು ಜೇಬಿನಲ್ಲಿ. ಪವರ್ ಟ್ಯೂಬ್ ಹಾಕಿ ನುಡಿಸುವಾಗ ಸ್ಪೀಕರ್ ಅಥವಾ ಲೋಡ್ ಇಲ್ಲದೆ ಆನ್ ಮಾಡಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಸ್ಪೀಕರಿನ ಬದಲಿಗೆ 8 ಓಮ್ ರೆಸಿಸ್ಟರನ್ನು ಡಮ್ಮಿ ಲೋಡ್ ಆಗಿ ಕೊಟ್ಟು, ಜನರೇಟರಿನಿಂದ 41 ಹರ್ಟ್ಸ್ ಹಾಕಿದೆ. ನಾಲ್ಕು ತಂತಿಯ ಬಾಸ್‌ನ ಇ ತಂತಿಯ ಸ್ವರ ಅಷ್ಟೇ. ತಣ್ಣಗಿದ್ದಾಗ ಸ್ಕೋಪ್‌ನಲ್ಲಿ (ಸಿಗ್ನಲಿನ ಆಕಾರ ತೋರಿಸುವ ಯಂತ್ರ) ಅಲೆ ಚಂದವಾಗಿ ದುಂಡಗಿತ್ತು. ಬಿಸಿಯಾಗುತ್ತ ಹೋದ ಹಾಗೆ ಅದರ ಒಂದು ಬದಿ ಮಾತ್ರ ಚಪ್ಪಟೆಯಾಗಿ ಓರೆಗೆ ವಾಲಿತು. 400 ಹರ್ಟ್ಸ್‌ಗೆ ಏರಿಸಿದರೆ ಓರೆ ಬಹುಪಾಲು ಮಾಯ. ರೂಮಿನ ಲೈಟ್ ಆರಿಸಿ ನೋಡಿದಾಗ ಒಂದು ಬದಿಯ ಎರಡು ಟ್ಯೂಬುಗಳ ಪ್ಲೇಟ್ (ಒಳಗಿನ ಲೋಹದ ತಗಡು) ಮಂದವಾಗಿ ಕೆಂಪಗಿತ್ತು, ಇನ್ನೊಂದು ಬದಿಯವು ಬೂದಿ ಬಣ್ಣದಲ್ಲೇ ಇದ್ದವು. ತಕ್ಷಣ ಆಫ್ ಮಾಡಿದೆ.

ಟ್ಯೂಬ್ ಕೆಂಪಾದದ್ದು ಕಂಡ ಕೂಡಲೇ ಟ್ಯೂಬ್ ಹಾಳು ಎಂದು ತೀರ್ಮಾನಿಸುವುದು ನಮ್ಮ ಕಸುಬಿನಲ್ಲಿ ಬಹಳ ನಡೆಯುತ್ತದೆ. ನನಗೆ ನೋವಾಗುವುದು ಇಲ್ಲೇ. ಕಷ್ಟಪಟ್ಟು ನುಡಿಸಿ ಸಂಪಾದಿಸಿದ ಹಣ ಅದು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿಯಂಥ 300 ವ್ಯಾಟ್ ಹೆಡ್ ಆದರೆ ಪವರ್ ಟ್ಯೂಬೇ ಆರು ಬೇಕು. ಒಂದು ಬದಿಯ ಎರಡೂ ಒಟ್ಟಿಗೆ ಕೆಂಪಾಗಿವೆ ಎಂದರೆ ಅವೆರಡೂ ಒಂದೇ ದಿನ ಕೆಟ್ಟಿವೆ ಎನ್ನುವುದಕ್ಕಿಂತ, ಎರಡಕ್ಕೂ ಹೋಗುವ ಬಯಾಸ್ (ಟ್ಯೂಬ್ ಎಳೆಯುವ ಕರೆಂಟನ್ನು ಹಿಡಿದಿಡುವ ಮೈನಸ್ ವೋಲ್ಟೇಜ್, ಅದು ಇಳಿದರೆ ಟ್ಯೂಬ್ ಹೆಚ್ಚು ಎಳೆದು ಕೆಂಪಾಗುತ್ತದೆ) ಕೆಟ್ಟಿದೆ ಎನ್ನುವುದು ಹೆಚ್ಚು ಸಂಭವ.

ನೋಡುವ ದಾರಿ ಸುಲಭ. ನಾಲ್ಕೂ ಪವರ್ ಟ್ಯೂಬ್ ತೆಗೆದು, ಆಂಪ್ ಆನ್ ಮಾಡಿ, ಪ್ರತಿ ಸಾಕೆಟ್ಟಿನ 5ನೇ ಪಿನ್ನಿನಲ್ಲಿ, ಅಂದರೆ ಗ್ರಿಡ್‌ನಲ್ಲಿ, ವೋಲ್ಟೇಜ್ ಅಳೆಯಬೇಕು. ಎರಡೂ ಬದಿ ಒಂದೇ ಇರಬೇಕು. ಟ್ಯೂಬ್ ಇಲ್ಲದಾಗ ಹೈಟೆನ್ಷನ್ (ಟ್ಯೂಬಿಗೆ ಹೋಗುವ ಆ ನೂರಾರು ವೋಲ್ಟ್) ಸ್ವಲ್ಪ ಏರುವುದರಿಂದ ಹೆಚ್ಚು ಹೊತ್ತು ಹಾಗೆ ಬಿಡಬಾರದು. ಇಲ್ಲಿ ಒಂದು ಬದಿ ಮೈನಸ್ 52 ವೋಲ್ಟ್, ಇನ್ನೊಂದು ಮೈನಸ್ 50. ಎರಡು ವೋಲ್ಟ್ ತಾನೇ ಎಂದು ಬಿಟ್ಟುಬಿಡುವ ಹಾಗೆ ಕಾಣುತ್ತದೆ. ಕೂದಲು ಒಣಗಿಸುವ ಡ್ರೈಯರ್ ತಂದು ಮೈನಸ್ 50 ಇದ್ದ ಬದಿಯ ಕಪ್ಲಿಂಗ್ ಕೆಪಾಸಿಟರಿಗೆ ದೂರದಿಂದ ಬಿಸಿಗಾಳಿ ಕೊಟ್ಟೆ. ಮೀಟರ್ ಇಳಿಯತೊಡಗಿತು: 48, 45, 41, ಕಡೆಗೆ 38ರಲ್ಲಿ ನಿಂತಿತು. ಇನ್ನೊಂದು ಬದಿಗೆ ಅಷ್ಟೇ ಬಿಸಿ ಕೊಟ್ಟರೂ 52 ಕದಲಲಿಲ್ಲ.

ಸಿಗ್ನಲನ್ನು ಎರಡೂ ಬದಿಗೆ ಹಂಚುವ ಟ್ಯೂಬ್, ಅಂದರೆ ಫೇಸ್ ಇನ್ವರ್ಟರಿನ ಪ್ಲೇಟ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಅದು ಗ್ರಿಡ್‌ಗೆ ದಾಟದಂತೆ ತಡೆದು, ಸಿಗ್ನಲ್ ಮಾತ್ರ ಬಿಡುವುದು ಆ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಕೆಲಸ. ಗ್ರಿಡ್‌ಗೆ ಬಯಾಸ್ ಬರುವುದು 220 ಕಿಲೋಓಮ್ ರೆಸಿಸ್ಟರ್ ಮೂಲಕ. ಲೆಕ್ಕ ಹಾಕಿ: 14 ವೋಲ್ಟ್ ತಪ್ಪಲು ಬರೀ 64 ಮೈಕ್ರೋಆಂಪ್ ಸೋರಿದರೆ ಸಾಕು. ಅಂದರೆ ಕೆಪಾಸಿಟರ್ ಸುಮಾರು 5 ಮೆಗಾಓಮ್ ರೆಸಿಸ್ಟರಿನ ಹಾಗೆ ವರ್ತಿಸುತ್ತಿದೆ. ಅದನ್ನೇ ಬಿಚ್ಚಿ, ತಣ್ಣಗಿರುವಾಗ ಮಲ್ಟಿಮೀಟರಿನ ಓಮ್ಸ್‌ನಲ್ಲಿ ಅಳೆದರೆ ಏನೂ ತೋರಿಸದೆ ಇರಬಹುದು, ಯಾಕೆಂದರೆ ಮೀಟರ್ ಕೊಡುವುದು ಕೆಲವೇ ವೋಲ್ಟ್. ಸೋರಿಕೆ ಕಾಣಬೇಕಾದರೆ ನಿಜವಾದ ವೋಲ್ಟೇಜ್ ಬೇಕು, ಬಿಸಿ ಬೇಕು.

ದಪ್ಪ ತಂತಿಗೆ ಮಾತ್ರ ಯಾಕೆ ಪೆಟ್ಟು? ಎರಡು ಬದಿಯ ಟ್ಯೂಬುಗಳು ಸರದಿಯಲ್ಲಿ ಎಳೆಯುವ ಇಂಥ ಪುಶ್-ಪುಲ್ ಆಂಪ್‌ನಲ್ಲಿ ಎರಡೂ ಬದಿಯ ಡಿಸಿ ಕರೆಂಟ್ ಸಮ ಇದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೋರ್‌ನಲ್ಲಿ (ಒಳಗಿನ ಕಬ್ಬಿಣ) ಅವು ಒಂದನ್ನೊಂದು ರದ್ದು ಮಾಡುತ್ತವೆ. ಒಂದು ಬದಿ ಹೆಚ್ಚು ಎಳೆದರೆ ಕೋರ್ ಮೊದಲೇ ಒಂದು ಕಡೆಗೆ ಕಾಂತಶಕ್ತಿಯಿಂದ ಅರ್ಧ ತುಂಬಿಕೊಂಡಿರುತ್ತದೆ. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಕೋರ್‌ಗೆ ಬೀಳುವ ಹೊರೆ ಜಾಸ್ತಿ, ಹಾಗಾಗಿ 41 ಹರ್ಟ್ಸ್‌ನಲ್ಲಿ ಅದು ತುಂಬಿ ಅಲೆ ಓರೆಯಾಗುತ್ತದೆ. ಇದೇ ದೋಷ ಗಿಟಾರ್ ಆಂಪ್‌ನಲ್ಲಿದ್ದರೆ ಟ್ಯೂಬ್ ಸುಡುವ ತನಕ ಯಾರಿಗೂ ಗೊತ್ತಾಗದೆ ಹೋಗಬಹುದು.

ಎರಡೂ ಬದಿಯ ಕೆಪಾಸಿಟರ್ ತೆಗೆದು 630 ವೋಲ್ಟಿನ ಪಾಲಿಪ್ರೊಪಿಲೀನ್ ಹಾಕಿ, ಬಯಾಸ್ ಹೊಸದಾಗಿ ಸೆಟ್ ಮಾಡಿದೆ. ಡ್ರೈಯರ್ ಹಿಡಿದರೂ ಎರಡೂ ಬದಿ 52ರಲ್ಲೇ ನಿಂತವು.

ಇನ್ನು ಬಿಸಿಯಾದ ಮೇಲೆ ಸರಿಹೋಗುವ ಆಂಪ್. ಇದು ನಮ್ಮ ಕರಾವಳಿಯ ಖಾಸಾ ಕಾಯಿಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬ್ಯಾಗಿನೊಳಗೆ ಮುಚ್ಚಿಟ್ಟು, ಮೊಂತಿ ಫೆಸ್ತ್ (ಸೆಪ್ಟೆಂಬರಿನ ಕ್ರೈಸ್ತರ ಹಬ್ಬ) ಹೊತ್ತಿಗೆ ಹೊರಗೆ ತೆಗೆದರೆ ಮೊದಲ ಹತ್ತು ನಿಮಿಷ ಒಡಕು, ಆಮೇಲೆ ತಾನಾಗಿ ತಿಳಿ. 6ಎಲ್6 ಸಾಕೆಟ್‌ನಲ್ಲಿ ಗ್ರಿಡ್‌ನ 5ನೇ ಪಿನ್ನಿಗೆ ತಾಗಿಕೊಂಡೇ ಸ್ಕ್ರೀನ್ ಎಂಬ ಇನ್ನೊಂದು ಗ್ರಿಡ್‌ನ 4ನೇ ಪಿನ್ ಉಂಟು, ಅಲ್ಲಿ 450 ವೋಲ್ಟ್. ನಡುವೆ ಉಪ್ಪು, ಧೂಳು, ತೇವ ಸೇರಿ ಒಂದು ಪದರ ಕೂತರೆ ಸೋರಿಕೆಗೆ ದಾರಿಯಾಯಿತು. ಬಿಸಿಗೆ ತೇವ ಆರಿದಾಗ ದಾರಿ ಮುಚ್ಚುತ್ತದೆ. ಸಾಕೆಟ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಬ್ರಷ್‌ನಿಂದ ತೊಳೆದು ಪೂರ್ತಿ ಒಣಗಿಸಿದರೆ ಸಾಕಾಗುತ್ತದೆ. ಪಿನ್‌ಗಳ ನಡುವೆ ಕಪ್ಪು ಗೆರೆ ಬಿದ್ದಿದ್ದರೆ ಮಾತ್ರ ಸಾಕೆಟ್ ಬದಲಿಸಲೇಬೇಕು, ಆ ಕರಿ ತೊಳೆದರೆ ಹೋಗುವುದಿಲ್ಲ. ಹಾಗಾಗಿ ಉಡುಪಿಯವರ ಸಾಕೆಟ್‌ಗಳನ್ನೂ ತೊಳೆದೇ ಕೊಟ್ಟೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಸ್ಪೀಕರ್ ಸಿಕ್ಕಿಸಿ ಅರ್ಧ ಗಂಟೆ ಆನ್ ಮಾಡಿಡಿ ಎಂದೂ ಹೇಳಿದೆ.

ಮೊದಲು ಬದಲಿಸಿದ ಹಳೆಯ ಸೆಟ್ಟನ್ನು ಅವರು ಬಿಸಾಡಿರಲಿಲ್ಲ, ಪುಣ್ಯ. ಪರೀಕ್ಷಿಸಿ ನೋಡಿದರೆ ನಾಲ್ಕರಲ್ಲಿ ಎರಡು ಸುಸ್ತಾಗಿವೆ, ಎರಡು ಇನ್ನೂ ಗಟ್ಟಿ, ಅಳತೆಯೂ ಒಂದಕ್ಕೊಂದು ಹತ್ತಿರ. ಆ ಜೋಡಿಗೆ ಚೀಟಿ ಅಂಟಿಸಿ, ಸ್ಪೇರ್ ಅಂತ ಬರೆದು, ಆಂಪ್‌ನ ಬ್ಯಾಗಿನಲ್ಲೇ ಹಾಕಿ ಕಳಿಸಿದ್ದೇನೆ.