ಸರ್ವೋ ಕೂರಿಸಿದೆ, ಬಿಚ್ಚಿದೆ, ಮತ್ತೆ ಕೂರಿಸಿದೆ

ಮೂರು ಶನಿವಾರ ಹೋಯಿತು, ಒಂದೇ ಒಂದು ಸರ್ವೋಗೆ.

ನಾನು ಕಟ್ಟುತ್ತಿರುವ ವಿಮಾನದ ಬಲ ರೆಕ್ಕೆಯೊಳಗೆ, ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಬದಿಯ ಪಟ್ಟಿ) ಆಡಿಸುವ ಬೆಲ್‌ಕ್ರ್ಯಾಂಕ್ ಅನ್ನೋ ಸನ್ನೆಯ ಪಕ್ಕದಲ್ಲೇ ಆಟೋಪೈಲಟ್‌ನ ರೋಲ್ ಸರ್ವೋ ಬರುತ್ತದೆ, ಅಂದರೆ ಪೈಲಟ್ ಬದಲು ಐಲೆರಾನ್ ತಿರುಗಿಸುವ ಮೋಟಾರು. ಬ್ರಾಕೆಟ್ ಹಾಕಿ, ಸರ್ವೋ ಕೂರಿಸಿ, ಅದರ ಆರ್ಮ್‌ನಿಂದ ಬೆಲ್‌ಕ್ರ್ಯಾಂಕ್‌ಗೆ ಒಂದು ಗೇಣುದ್ದದ ಪುಶ್‌ರಾಡ್ (ತಳ್ಳಿ ಎಳೆಯುವ ಸರಳು) ಜೋಡಿಸಿದರೆ ಮುಗೀತು. ಆದರೆ ಎಲ್ಲವನ್ನೂ ರೆಕ್ಕೆಯ ಅಡಿಯ ಕಿಂಡಿಯಲ್ಲಿ ಒಂದು ಕೈ ತೂರಿಸಿಕೊಂಡೇ ಮಾಡಬೇಕು. ಕೈ ಹಾಕಿದರೆ ಕಣ್ಣಿಗೆ ಏನೂ ಕಾಣಲ್ಲ, ಇಣುಕಿದರೆ ಕೈಗೆ ಜಾಗ ಇಲ್ಲ. ಒಂದು ವಾಷರ್ ಬಿದ್ದು, ಕಡ್ಡಿ ತುದಿಗೆ ಅಯಸ್ಕಾಂತ ಕಟ್ಟಿ ಅರ್ಧ ಗಂಟೆ ತಡಕಾಡಿದೆ.

ಇಷ್ಟೆಲ್ಲಾ ಮಾಡಿದ ಮೇಲೆ ಗೊತ್ತಾಗಿದ್ದು, ನಾನು ಆರಿಸಿದ ತೂತೇ ತಪ್ಪು ಅಂತ.

ಸರ್ವೋ ಆರ್ಮ್‌ನಲ್ಲಿ ಎರಡು ಮೂರು ತೂತು ಇರುತ್ತವೆ. ಆರ್ಮ್ ತಿರುಗುವ ಶಾಫ್ಟ್‌ಗೆ ಹತ್ತಿರದ್ದರಲ್ಲಿ ರಾಡ್ ಸಿಕ್ಕಿಸಿದರೆ ಬಲ ಜಾಸ್ತಿ ಸಿಗುತ್ತದೆ. ನನಗೂ ಅದೇ ಆಸೆ, ಶಾಫ್ಟ್‌ನಿಂದ 32 ಮಿಮೀ ದೂರದ ತೂತಿಗೆ ಹಾಕಿದೆ. ಆದರೆ ಐಲೆರಾನ್ ಪೂರ್ತಿ ತಿರುಗಿದಾಗ ನನ್ನ ರಾಡ್ ಒಂದೊಂದು ಕಡೆಗೂ ಸುಮಾರು 30 ಮಿಮೀ ಓಡುತ್ತದೆ. ಅಂದರೆ ಆರ್ಮ್ ಹತ್ತಿರ ಹತ್ತಿರ 70 ಡಿಗ್ರಿ ವಾಲುತ್ತದೆ. ಕೈಪಿಡಿಯಲ್ಲಿ 60 ದಾಟಬಾರದು ಅಂತಿದೆ. ಹತ್ತೇ ಡಿಗ್ರಿ ತಾನೇ ಅನ್ನಿಸಬಹುದು, ಆದರೆ ಆರ್ಮೂ ರಾಡೂ ಒಂದೇ ಗೆರೆಗೆ ಬಂದುಬಿಟ್ಟರೆ ಪೈಲಟ್ ಕೈಯಲ್ಲಿರುವ ಸ್ಟಿಕ್ ಅಲ್ಲೇ ಕಚ್ಚಿಕೊಳ್ಳುತ್ತದೆ. ರಾಡಿನ ಬಲ ನೇರವಾಗಿ ಶಾಫ್ಟ್ ಮೇಲೇ ಬೀಳುತ್ತದೆ, ಆರ್ಮ್‌ನ ತಿರುಗಿಸೋಕೆ ಏನೂ ಉಳಿಯೋದಿಲ್ಲ. ಆಮೇಲೆ ಆಟೋಪೈಲಟ್ ಬಂದ್ ಮಾಡಿ, ಕರೆಂಟ್ ಕಡಿಯುವ ಬ್ರೇಕರ್ ಎಳೆಯಿರಿ, ಏನೂ ಆಗಲ್ಲ. ಜೋರಾಗಿ ತಿರುಚಿದರೆ ಜಾರಿ ಬಿಟ್ಟುಕೊಡಬೇಕಾದ ಸರ್ವೋದ ಕ್ಲಚ್ಚೂ ಜಾರಲ್ಲ, ಯಾಕಂದ್ರೆ ಅದಕ್ಕೆ ತಿರುಚುವ ಬಲವೇ ತಲುಪುತ್ತಿಲ್ಲ. ಬಲಕ್ಕೆ ವಾಲಿದ ವಿಮಾನ ಬಲಕ್ಕೇ!

ನನ್ನದು ಕಚ್ಚಿಕೊಳ್ಳಲಿಲ್ಲ. ಆದರೆ ಸ್ಟಿಕ್ಕನ್ನು ನಿಧಾನವಾಗಿ ಪೂರ್ತಿ ಬಲಕ್ಕೆ ತಂದು ವಾಪಸ್ ಎಳೆದಾಗ, ಶುರುವಿನಲ್ಲಿ ಏನೋ ತಡೆದ ಹಾಗಾಯಿತು. ಅಂಗೈಗಷ್ಟೇ ಗೊತ್ತಾಗುವಂಥ ಸಣ್ಣ ತಡೆ. ಅನುಮಾನ ಬಂದು ಕೋನ ಅಳೆದೆ.

ಬಿಚ್ಚಿ 38 ಮಿಮೀ ತೂತಿಗೆ ಹಾಕಿದೆ. ಈಗ 52 ಡಿಗ್ರಿ. ಬಲ ಶೇಕಡಾ 16ರಷ್ಟು ಕಮ್ಮಿಯಾಯಿತು, ಆಗಲಿ ಬಿಡಿ. ಆರ್ಮ್ ಅತಿಯಾಗಿ ತಿರುಗದಂತೆ ತಡೆಯುವ ಬ್ರಾಕೆಟ್ಟನ್ನೂ ಹಾಕಿದೆ. ಮೊದಲು ಅದನ್ನು ಸುಮ್ನೆ ಡಬ್ಬಿಯಲ್ಲೇ ಬಿಟ್ಟಿದ್ದೆ, ನಾಚಿಕೆ ಇಲ್ಲದೆ ಒಪ್ಪಿಕೊಳ್ಳುತ್ತೇನೆ. ರಾಡ್ ತುದಿಯ ಬೇರಿಂಗ್ ಮೇಲೆ ಅಗಲದ ವಾಷರ್ ಕೂಡ ಬಂತು. ಬೇರಿಂಗ್ ಒಳಗಿನ ಗುಂಡು ಕಿತ್ತುಬಂದರೂ ರಾಡ್ ಬೋಲ್ಟಿನಿಂದ ಕಳಚಿ ಬೀಳಬಾರದು, ಅಲ್ವಾ?

ಕರೆಂಟ್ ಕೊಟ್ಟು ಆಟೋಪೈಲಟ್ ಹಾಕಿದರೆ ಇನ್ನೊಂದು ತಮಾಷೆ. ಎಡಕ್ಕೆ ತಿರುಗು ಅಂದರೆ ಸ್ಟಿಕ್ ಬಲಕ್ಕೆ ಹೋಯಿತು! ಅದು ಸೆಟ್ಟಿಂಗ್‌ನಲ್ಲಿ ದಿಕ್ಕು ಬದಲಿಸಿದರೆ ಸರಿಹೋಗುವ ವಿಷಯ, ಎರಡು ನಿಮಿಷದ ಕೆಲಸ. ಆಟೋಪೈಲಟ್ ಬಂದ್ ಮಾಡುವ ಬಟನ್ ಒತ್ತಿದ ತಕ್ಷಣ ಸರ್ವೋ ಬಿಟ್ಟುಕೊಡುತ್ತಾ ಅಂತ ಇಪ್ಪತ್ತು ಸಲ ನೋಡಿದೆ. ಬಿಟ್ಟುಕೊಟ್ಟಿತು.

ನಟ್ಟುಗಳ ಮೇಲೆ ಕೆಂಪು ಗುರುತು ಹಾಕಿ ಕಿಂಡಿ ಮುಚ್ಚಿದ್ದೇನೆ. ಮುಂದಿನ ವಾರ ವಿಮಾನದ ಮೂತಿ ಮೇಲೆ ಕೆಳಗೆ ಮಾಡುವ ಪಿಚ್ ಸರ್ವೋ. ಅದು ಬಾಲದ ಕಡೆ, ಪೂರ್ತಿ ಒಳಗೆ ತೆವಳಿಕೊಂಡೇ ಹೋಗಬೇಕು.