ಸೈನಿಕರಿಗೆ ನಾವೇನು ಮಾಡಬಹುದು ಅಂತ ಕೇಳ್ತೀರಲ್ಲ

ಫೌಜಿನಿಂದ ನಿವೃತ್ತನಾಗಿ ಹಾವೇರಿ ಕಡೆಯ ನಮ್ಮೂರಿಗೆ ಬಂದ ಮೇಲೆ ನನ್ನನ್ನು ಜನ ಅತಿ ಹೆಚ್ಚು ಕೇಳಿರುವ ಪ್ರಶ್ನೆ ಒಂದೇ. ಮದುವೆಯ ಪಂಕ್ತಿಯಲ್ಲಿ ಕೇಳುತ್ತಾರೆ, ಹುಬ್ಬಳ್ಳಿ ಬಸ್ಸಿನಲ್ಲಿ ಕೇಳುತ್ತಾರೆ, ಆಗಸ್ಟ್ 15ಕ್ಕೆ ಭಾಷಣಕ್ಕೆ ಕರೆದ ಶಾಲೆಯಲ್ಲಿ ಮಾಸ್ತರರೂ ಕೇಳುತ್ತಾರೆ: "ಗಡಿ ಕಾಯೋರಿಗೆ, ಜೀವಾ ಕೊಟ್ಟವರಿಗೆ ನಮ್ಮಂಥವರು ಏನು ಮಾಡಬಹುದ್ರಿ? ಸ್ಟೇಟಸ್ ಹಾಕ್ತೀವಿ, ಸೆಲ್ಯೂಟ್ ಹೊಡಿತೀವಿ. ಅಷ್ಟ ಸಾಕೇನ್ರಿ?" ಕೇಳುವವರ ಮನಸ್ಸು ದೊಡ್ಡದು. ನಿಂತ ನಿಲುವಿನಲ್ಲಿ ಕೊಡುವ ಉತ್ತರ ಅದಕ್ಕೆ ಸಾಲುವುದಿಲ್ಲ.

ಮೊದಲು ಒಂದು ಟ್ರಂಕಿನ ವಿಷಯ ಹೇಳುತ್ತೇನೆ.

ಪ್ರತಿ ಜವಾನನಿಗೂ ಒಂದು ಕರಿ ಟ್ರಂಕ್ ಇರುತ್ತದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕ್, ಹೆಸರು. ಜವಾನ ತೀರಿಕೊಂಡರೆ ಮೊದಲು ಊರಿಗೆ ಬರುವುದು ತ್ರಿವರ್ಣ ಹೊದಿಸಿದ ಪೆಟ್ಟಿಗೆ. ಕೇಸರಿ ತಲೆಯ ಕಡೆಗಿರಬೇಕು. ಧ್ವಜವನ್ನು ಚಿತೆಗಾಗಲಿ ಗುಂಡಿಗಾಗಲಿ ಹಾಕುವಂತಿಲ್ಲ. ಅದಕ್ಕೂ ಮೊದಲೇ ತೆಗೆದು, ಮಡಚಿ, ಮನೆಯವರ ಕೈಗೆ ಕೊಡುತ್ತೇವೆ. ಆವತ್ತು ಇಡೀ ತಾಲ್ಲೂಕೇ ಅಲ್ಲಿರುತ್ತದೆ. ರಸ್ತೆ ತುಂಬ ಚೆಂಡು ಹೂವು, ಶಾಲಾ ಮಕ್ಕಳ ಸಾಲು, ಮೈಕು, ಅಧಿಕಾರಿಗಳು, ಶಾಸಕರು. ಟ್ರಂಕ್ ಬರುವುದು ಆಮೇಲೆ, ಕೆಲವು ವಾರ ಕಳೆದು.

ನನ್ನ ಜೊತೆಯವನೊಬ್ಬನ ಟ್ರಂಕನ್ನು ಅವನ ಮನೆಗೆ ಮುಟ್ಟಿಸಲು ಹೋದ ಇಬ್ಬರಲ್ಲಿ ನಾನೊಬ್ಬ. ಪಡಸಾಲೆಯಲ್ಲಿ ಅವನ ಅವ್ವ, ಹೆಂಡತಿ, ಮೂರು ವರ್ಷದ ಮಗು. ಬೇರೆ ಯಾರೂ ಇರಲಿಲ್ಲ. ಪಟ್ಟಿ ಓದಿ ಒಂದೊಂದೇ ಸಾಮಾನು ಎಣಿಸಿ ಕೊಟ್ಟು ಸಹಿ ತೆಗೆದುಕೊಳ್ಳಬೇಕಿತ್ತು. ಉಣ್ಣೆಯ ಕಾಲುಚೀಲ ಮೂರು ಜೊತೆ. ದಾಡಿ ಸೆಟ್ಟು. ಟವೆಲ್. ಬಟ್ಟೆಯಲ್ಲಿ ಸುತ್ತಿದ ವಿಭೂತಿ ಗಟ್ಟಿ. ತಳದಲ್ಲಿ ಪಟ್ಟಿಗೆ ಸೇರದ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು, ಶೇಂಗಾ ಚಟ್ನಿಪುಡಿಯದು. ಅವ್ವ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. "ಇನ್ನಾ ಅರ್ಧಾ ಉಳದೈತಲ್ಲೋ ಯಪ್ಪಾ" ಅಂದಳು. ಅಷ್ಟೇ. ಮುಂದಿನ ಸಾಮಾನಿನ ಹೆಸರು ಓದಲು ನನಗೆ ಬಾಯಿ ಬರಲಿಲ್ಲ.

ಮೆರವಣಿಗೆಗೆ ಬಂದಿದ್ದ ಸಾವಿರಾರು ಜನರ ಮೇಲೆ ನನಗೆ ಸಿಟ್ಟಿಲ್ಲ. ಟ್ರಂಕ್ ಎಂಬುದೊಂದು ಬರುತ್ತದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಅದಕ್ಕೇ ಈಗ ಹೇಳುತ್ತಿದ್ದೇನೆ: ಟ್ರಂಕ್ ಬರುವ ದಿನ ಹೋಗಿ. ಅದು ಬಂದು ನಾಲ್ಕು ವರ್ಷವಾದ ಮೇಲೂ ಹೋಗಿ.

ಇದು ನಾನು ಹೊಸದಾಗಿ ಹೇಳುತ್ತಿರುವುದೇನಲ್ಲ. ಹಾನಗಲ್ ಸುತ್ತಮುತ್ತ ಯಾವ ಊರಿಗೆ ಹೋದರೂ ಗುಡಿಯ ಪಕ್ಕವೋ ಹೊಲದ ಬದುವಿನಲ್ಲೋ ವೀರಗಲ್ಲು ಸಿಗುತ್ತದೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಬೆಂಗಳೂರಿನ ಹೆಸರು ಸಿಗುವ ಅತಿ ಹಳೆಯ ಶಾಸನವೂ, ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವುದು, ಬೆಂಗಳೂರ ಕಾಳಗದಲ್ಲಿ ಸತ್ತವನ ಕಲ್ಲೇ. ಸುಮಾರು ಕ್ರಿ.ಶ. 890ರದು. ಕಲ್ಲಿನ ವಿಷಯ ಎಲ್ಲರಿಗೂ ಗೊತ್ತು. ಅದರ ಜೊತೆಗೆ ಕೊಡುತ್ತಿದ್ದ ಭೂಮಿಯ ವಿಷಯ ಅಷ್ಟಾಗಿ ಗೊತ್ತಿಲ್ಲ. ಕಾಳಗದಲ್ಲಿ ನೆತ್ತರು ಸುರಿಸಿದವನ ಮನೆಯವರಿಗೆ ಬಿಟ್ಟ ಹೊಲಕ್ಕೆ ನೆತ್ತರುಗೊಡಗೆ ಎಂದು ಹೆಸರು. ಎಷ್ಟು ನೇರವಾದ ಮಾತು ನೋಡಿ. ಸತ್ತವನಿಗೆ ಕಲ್ಲು, ಉಳಿದವರಿಗೆ ಅನ್ನ. ಸಾವಿರ ವರ್ಷದ ಹಿಂದೆ ನಮ್ಮವರು ಎರಡನ್ನೂ ಒಂದೇ ಕೆಲಸ ಅಂತ ತಿಳಿದಿದ್ದರು. ನಾವು ಕಲ್ಲಿನ ಪಾಲನ್ನು ಚೆನ್ನಾಗಿ ಮಾಡುತ್ತೇವೆ, ಸರ್ಕಲ್ಲಿಗೆ ಹೆಸರಿಡುತ್ತೇವೆ, ಪುತ್ಥಳಿ ನಿಲ್ಲಿಸುತ್ತೇವೆ. ಕೊಡಗೆಯ ಪಾಲನ್ನು ಸರ್ಕಾರದ ಮೇಲೆ ಬಿಟ್ಟು ಸುಮ್ಮನಾಗಿದ್ದೇವೆ.

ಹಾಗಂತ ಸರ್ಕಾರ ಕೊಡುವುದಿಲ್ಲ ಅಂತಲ್ಲ. ಪಿಂಚಣಿ ಬರುತ್ತದೆ, ಪರಿಹಾರ ಬರುತ್ತದೆ. ತೊಡಕು ಎಲ್ಲಿ ಅಂದರೆ ಕಾಗದದಲ್ಲಿ. ಸೇನೆಯ ದಾಖಲೆಯಲ್ಲಿ ಹೆಂಡತಿಯ ಹೆಸರು ಬಸವ್ವ, ಆಧಾರ್‌ನಲ್ಲಿ ಬಸಮ್ಮ, ಬ್ಯಾಂಕಿನ ಪುಸ್ತಕದಲ್ಲಿ ಗಂಡನ ಹೆಸರು ಸೇರಿ ಮತ್ತೊಂದು. ಇಷ್ಟಕ್ಕೇ ಒಂದು ಫೈಲು ತಿಂಗಳುಗಟ್ಟಲೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಕಚೇರಿಯಲ್ಲಿ ಆ ಹೆಣ್ಣುಮಗಳಿಗೆ, "ನಾಳೆ ಬಾರವ್ವ" ಅಂತ ಏಳು ಸಲ ಹೇಳಿ ಕಳಿಸಿದರು. ಒಂದೊಂದು ನಾಳೆಗೂ ಒಂದು ದಿನದ ಕೂಲಿ ಹೋಯಿತು. ರಕ್ಷಣಾ ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸಬೇಕು. ಓಟಿಪಿ ಅಂದರೇನು ಅಂತ ತಿಳಿಯದ ಎಪ್ಪತ್ತರ ಮುದುಕಿಗೆ ಅದೊಂದು ಗುಡ್ಡ. ಮೊಬೈಲ್ ಹಿಡಿದು ಅವಳ ಪಕ್ಕದಲ್ಲಿ ಅರ್ಧ ಗಂಟೆ ಕೂರಬಲ್ಲ ಹುಡುಗರು ಪ್ರತಿ ಊರಿನಲ್ಲೂ ಇದ್ದಾರೆ. ಆ ಅರ್ಧ ಗಂಟೆಯೇ ನಮ್ಮ ಕಾಲದ ನೆತ್ತರುಗೊಡಗೆ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ ಎಲ್ಲಿದೆ ಅಂತ ತಿಳಿದುಕೊಂಡು, ಅಲ್ಲಿಗೆ ಅವಳನ್ನು ಕರೆದುಕೊಂಡು ಹೋಗುವುದೂ ಅದೇ.

ಹಣ ಕೊಡುವುದಿದ್ದರೆ ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿಯ ಆ ಪುಟ್ಟ ಧ್ವಜದ ದುಡ್ಡು ಸೈನಿಕರ ಕುಟುಂಬಗಳಿಗೆ, ಮಾಜಿ ಸೈನಿಕರಿಗೆ ಹೋಗುತ್ತದೆ.

ಇನ್ನು ಹೆಸರಿನ ವಿಷಯ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರು. ಸಿಕ್ಕ ಮೇಲಿನ ಮೂರು ದಿನ ನಮ್ಮ ಕಡೆ ಪೂಜೆ ನಡೆಯದ ಗುಡಿ ಇರಲಿಲ್ಲ, ದುವಾ ಮಾಡದ ಮಸೀದಿ ಇರಲಿಲ್ಲ. ಫೆಬ್ರವರಿ 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ಅವರನ್ನು ಯಾರೂ ಮರೆತಿಲ್ಲ. ಆದರೆ ಆ ಹಿಮದಡಿ ಇದ್ದವರು ಹತ್ತು ಜನ. ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ್ ಇಬ್ಬರೂ ನಮ್ಮ ರಾಜ್ಯದವರೇ. ಶಾಲೆಗಳಲ್ಲಿ ನಾನು ಮೂರೂ ಹೆಸರನ್ನು ಮಕ್ಕಳಿಂದ ಹೇಳಿಸುತ್ತೇನೆ. ದಿಲ್ಲಿಗೆ ಹೋದರೆ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಹೋಗಿ, ತ್ಯಾಗ ಚಕ್ರದ ಗೋಡೆಗಳ ಮುಂದೆ ನಿಂತು ನೋಡಿ. 25,000ಕ್ಕೂ ಹೆಚ್ಚು ಹೆಸರು, ಒಂದೊಂದಕ್ಕೂ ಒಂದು ಕಲ್ಲಿನ ಇಟ್ಟಿಗೆ. ಫೋಟೋ ತೆಗೆಯುವ ಮೊದಲು ನಾಲ್ಕು ಹೆಸರನ್ನಾದರೂ ಬಾಯಿಬಿಟ್ಟು ಓದಿ.

ರಜೆಗೆ ಬಂದ ಹುಡುಗನನ್ನು ಕಂಡರೆ "ಎಷ್ಟ್ ಮಂದಿನ್ನ ಹೊಡದೀಪಾ?" ಅಂತ ದಯವಿಟ್ಟು ಕೇಳಬೇಡಿ. ಅದನ್ನು ಅವನು ಹೆಂಡತಿಯ ಮುಂದೂ ಬಾಯಿಬಿಟ್ಟಿರುವುದಿಲ್ಲ. "ಯಾವಾಗ ಬಂದೆಪಾ? ಊಟಕ್ಕ ಬಾ" ಅನ್ನಿ. ಅವನು ಗಡಿಯಲ್ಲಿದ್ದಾಗ ಅವನ ಅಪ್ಪನ ಹೊಲದ ಬದುವಿನ ತಂಟೆ ಬಂದರೆ ಪಂಚಾಯ್ತಿಯಲ್ಲಿ ಅವನ ಪರವಾಗಿ ಒಂದು ಮಾತಾಡಿ. ನಮಗೆ ಅಲ್ಲಿ ನಿದ್ದೆ ಕೆಡಿಸುತ್ತಿದ್ದದ್ದು ಬಹಳ ಸಲ ಊರಿನಿಂದ ಬಂದ ಇಂಥ ಫೋನೇ.

ಆ ಚಟ್ನಿಪುಡಿಯ ಮನೆಗೆ ನಾನು ಪ್ರತಿ ವರ್ಷ ದೀಪಾವಳಿಗೆ ಹೋಗುತ್ತೇನೆ. ಹೋದ ವರ್ಷ ಟ್ರಂಕಿನ ಅಕ್ಷರ ಪೂರ್ತಿ ಮಾಸಿತ್ತು. ಈ ಸಲ ಹೊಸ ಬಿಳಿ ಬಣ್ಣ ಹೊಳೆಯುತ್ತಿತ್ತು. ಓಣಿಯ ಬೋರ್ಡು ಬರೆಯುವ ಹುಡುಗ, ಯಾರೂ ಹೇಳದೆ, ತಾನೇ ಬಂದು ಬರೆದುಕೊಟ್ಟನಂತೆ. ಅವ್ವನಿಗೆ ಓದಲು ಬರುವುದಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸುತ್ತ, "ಸರಿ ಬರದಾನೇನಪಾ? ನೋಡಿ ಹೇಳು" ಅಂದಳು. ನಾನು ನೆಲದ ಮೇಲೆ ಕೂತು ನಂಬರು, ರ‍್ಯಾಂಕ್, ಹೆಸರು, ಒಂದೊಂದಾಗಿ ಓದಿ ಹೇಳಿದೆ. "ಇನ್ನೊಮ್ಮೆ ಓದು" ಅಂದಳು.